ಬಳ್ಳಿ ಐತಿ ನೋಡ್ರಿ

ಅಕ್ಕೋರು ತೀರಿಕೊಂಡ ಸುದ್ದಿ ನನಗೆ ಬಂದದ್ದು ವಾಟ್ಸಾಪಿನಲ್ಲಿ. ನಾನು ನಂಬಲಿಲ್ಲ. ನಮ್ಮ ನಿವೃತ್ತ ಶಿಕ್ಷಕರ ಗುಂಪಿನಲ್ಲಿ ಬದುಕಿದ್ದವರ ಫೋಟೋಕ್ಕೆ ಮಾಲೆ ಹಾಕಿದ್ದನ್ನೂ ಸತ್ತವರಿಗೆ ಹುಟ್ಟುಹಬ್ಬದ ಶುಭಾಶಯ ಕೋರಿದ್ದನ್ನೂ ನಾನು ಕಂಡಿದ್ದೇನೆ. ಬಾದಾಮಿಗೆ ಫೋನ್ ಮಾಡಿದೆ. ಖರೆ ಎಂದರು. ಇನ್ನೊಬ್ಬರಿಗೆ ಮಾಡಿದೆ, ಅವರೂ ಖರೆ ಎಂದರು. ಇಬ್ಬರೂ ಅದೇ ವಾಟ್ಸಾಪ್ ನೋಡಿ ಹೇಳುತ್ತಿರಬಹುದು ಎನ್ನಿಸಿ, ಚೊಳಚಗುಡ್ಡದಲ್ಲಿ ಅವರ ಮನೆಯ ಪಕ್ಕದ ಹಿಟ್ಟಿನ ಗಿರಣಿಯವನಿಗೆ ಮಾಡಿದೆ. "ಈಗ ಮಣ್ಣು ಕೊಟ್ಟು ಬಂದ್ವಿರಿ ಸರ್ರ," ಎಂದ. ಆಗ ಹೋಗಿ ಕಟ್ಟೆಯ ಮೇಲೆ ಕುಳಿತುಕೊಂಡೆ.

ನನ್ನ ಸ್ವಭಾವವೇ ಹೀಗೆ. ಬಾದಾಮಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಆದರೆ ಊರಿಗೆ ಗೊತ್ತಿದ್ದದ್ದು ಕಾಪಿ ಹಿಡಿಯುವ ಮಾಸ್ತರ ಎಂದು. ಅಂಗಿಯ ತೋಳಿನಲ್ಲಿ, ಚಪ್ಪಲಿಯ ಒಳಗೆ, ಕಂಪಾಸಿನ ಮುಚ್ಚಳದಲ್ಲಿ, ಎಲ್ಲಿಟ್ಟರೂ ಹಿಡಿಯುತ್ತಿದ್ದೆ. ಹಾಗೆ ಹಿಡಿದು ಹಿಡಿದು, ಯಾರಾದರೂ ಚೆನ್ನಾಗಿ ಏನಾದರೂ ಮಾಡಿದರೆ 'ಇದನ್ನು ಎಲ್ಲಿಂದ ಇಳಿಸಿದ' ಎನ್ನುವುದೇ ನನಗೆ ಮೊದಲು ಹೊಳೆಯುತ್ತದೆ. ನನ್ನ ಹೆಂಡತಿಗೆ ಇದರ ಬಗ್ಗೆ ಬೇರೆಯೇ ಅಭಿಪ್ರಾಯವಿದೆ. ಅದು ಇಲ್ಲಿ ಬೇಡ.

ಅಕ್ಕೋರು ನಮ್ಮಲ್ಲಿಗೆ ವಿಜ್ಞಾನ ಕಲಿಸಲು ಬಂದರು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳೆಲ್ಲ ಅಕ್ಕೋರೇ. ಆದರೆ ಬರೀ 'ಅಕ್ಕೋರು' ಎಂದರೆ ನಮ್ಮ ಸಾಲೆಯಲ್ಲಿ ಇವರೊಬ್ಬರೇ. ಸಣ್ಣ ಆಳು, ತಲೆಯ ಮೇಲೆ ಸೆರಗು, ಬೆರಳಿನ ಉಗುರುಗಳಲ್ಲಿ ಯಾವಾಗಲೂ ಕಪ್ಪು. ಬಂದ ಕೆಲವೇ ದಿನಗಳಲ್ಲಿ ಸ್ಟಾಫ್ ರೂಮಿನ ಗೋಡೆಗೆ ತಾವೇ ಮಾಡಿದ್ದೆಂದು ಒಂದು ಚಿತ್ರ ತೂಗುಹಾಕಿದರು. ಒಂದು ಓತಿಕ್ಯಾತ, ಅದರ ಕೆಳಗೆ ಜೋಳದ ದಂಟು, ದಂಟಿಗೆ ಸುತ್ತಿಕೊಂಡ ಅವರೆ ಬಳ್ಳಿ. ಓತಿಕ್ಯಾತದ ಒಂದೊಂದು ಹುರುಪೆಯೂ ಎಣಿಸುವಂತಿತ್ತು. ಹಳೆಯ ದೊಡ್ಡ ಪುಸ್ತಕಗಳಲ್ಲಿ ಇರುತ್ತವಲ್ಲ, ಮೇಲೆ ತೆಳ್ಳನೆಯ ಹಾಳೆ ಮುಚ್ಚಿರುವ ಚಿತ್ರಗಳು, ಹಾಗೆಯೇ. ನಾನು ಯಾರೂ ಇಲ್ಲದಾಗ ಅದನ್ನು ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದು, ಟ್ರೇಸಿಂಗ್ ಮಾಡಿದ ಗೆರೆ ಕಾಣುತ್ತದೆಯೇ ಎಂದು ಹುಡುಕಿದೆ. ಕಾಣಲಿಲ್ಲ. ಕಾಣದಿದ್ದದ್ದೇ ಇನ್ನೂ ಅನುಮಾನಕ್ಕೆ ಕಾರಣವಾಯಿತು.

ಅಷ್ಟರಲ್ಲಿ ಪ್ರಯೋಗಾಲಯದ ಆಮ್ಲದ, ನಮ್ಮ ಮಾತಿನಲ್ಲಿ ತೇಜಾಬದ, ಬಾಟಲಿ ಕಾಣೆಯಾಯಿತು. ಹೆಡ್ ಮಾಸ್ತರು ನನ್ನನ್ನು ಕರೆದರು. ಅವರಿಗೆ ಜಗಳ ಎಂದರೆ ಆಗುತ್ತಿರಲಿಲ್ಲ, ಜಗಳದ ಕೆಲಸವೆಲ್ಲ ನನ್ನ ಪಾಲಿಗೆ.

"ಅಕ್ಕೋರು ಅಕ್ಕಸಾಲಿಗರ ಅಂಗಡ್ಯಾಗ ತೇಜಾಬ ಕೇಳಿದ್ರಂತ. ಜಾಲಿ ಅಂಟು ಬ್ಯಾರೆ ಕೂಡಿಸ್ತಾರಂತ. ಏನ್ ನಡಸ್ಯಾರೋ ಏನೋ. ನೀವು ಸ್ವಲ್ಪ ನೋಡ್ರಿ," ಎಂದರು.

ಪಕ್ಕದ ಮನೆಯವರು ಹೇಳಿದ್ದು ಇನ್ನೂ ಒಂದಿತ್ತು: ಅಕ್ಕೋರು ರಜೆಯ ದಿನ ಇಡೀ ಹೊತ್ತು ಕನ್ನಡಿ ಮುಂದೆ ಕೂಡುತ್ತಾರಂತೆ. ಮದುವೆಯ ವಯಸ್ಸು ದಾಟಿದ ಹೆಂಗಸು, ಒಬ್ಬಳೇ ಇರುವವಳು, ಕನ್ನಡಿ! ಊರಿಗೆ ಅಷ್ಟು ಸಾಕು.

ನಾನು ಹೇಳದೆ ಕೇಳದೆ ಹೋದೆ. ಹೇಳಿ ಹೋದರೆ ಏನು ಸಿಗುತ್ತದೆ? ಬನಶಂಕರಿಯ ಗುಡಿ ದಾಟಿ, ಚೊಳಚಗುಡ್ಡದ ಅಂಚಿನಲ್ಲಿ ಅವರ ಬಾಡಿಗೆ ಮನೆ. ಬೇಲಿಯ ತುಂಬ ಅವರೆ ಬಳ್ಳಿ. ಒಳಗಿನ ಕೋಣೆಯಲ್ಲಿ ಒದ್ದೆ ಗೋಣಿಚೀಲದ ಕೆಳಗೆ ಏನೋ ಸಾಲಾಗಿ ಮಲಗಿಸಿದ್ದರು. ಇದೇನ್ರಿ ಎಂದೆ. ಅಕ್ಕೋರು ಚೀಲ ಎತ್ತಿದರು. ಕಲ್ಲುಗಳು. ನುಣ್ಣಗೆ ಉಜ್ಜಿದ, ಮಾಸಲು ಬಣ್ಣದ ಹಾಸುಗಲ್ಲುಗಳು.

"ಕಲ್ಲಚ್ಚು ಸರ್ರ. ಮೇಣ, ಸಬಕಾರ, ದೀಪದ ಮಸಿ ಕೂಡಿಸಿ ಕಡ್ಡಿ ಮಾಡೂದು. ಅದರಲೆ ಕಲ್ಲಿನ ಮ್ಯಾಲ ಬರಿಯೂದು. ಆಮ್ಯಾಲ ಅಂಟು, ಅದರಾಗ ನಾಕ್ ಹನಿ ತೇಜಾಬ. ನೀರು ಹಚ್ಚಿ ಮಸಿ ಉರುಳಿಸಿದ್ರ, ಬರದಲ್ಲಿ ಮಸಿ ಹಿಡಿತೈತಿ, ಬರೀದಿದ್ದಲ್ಲಿ ನೀರು ಮಸಿ ದೂಡತೈತಿ. ಮ್ಯಾಲ ಹಾಳಿ ಹಾಕಿ ಸೌಟಿನ ಬೆನ್ನಿಲೆ ಉಜ್ಜೂದು. ಮುಗೀತು."

"ತೇಜಾಬ ಎಲ್ಲಿಂದ ತಂದ್ರಿ?" ಎಂದೆ ನಾನು, ಉಳಿದದ್ದೆಲ್ಲ ಬಿಟ್ಟು.

"ಅದಕ್ಕ ಬಂದೀರೇನು!" ಎಂದು ನಕ್ಕರು. ಚಹಾ ಮಾಡಿ ಕೊಟ್ಟರು. ಸಾಲೆಯ ಬಾಟಲಿ ಆಮೇಲೆ ಬೇರೆ ಕಪಾಟಿನಲ್ಲಿ ಸಿಕ್ಕಿತು.

ಚಹಾ ಕುಡಿಯುತ್ತ ಅವರು ನಮ್ಮ ಜಿಲ್ಲೆಯ ಕಲ್ಲುಗಳ ಪುರಾಣ ಹೇಳಿದರು. ಇಳಕಲ್ಲಿನ ಕೆಂಪು ಗ್ರಾನೈಟು ನೀರು ಕುಡಿಯುವುದೇ ಇಲ್ಲ, ಎಷ್ಟು ಹಾಕಿದರೂ ಜಾರಿ ಹೋಗುತ್ತದೆ. ಬಾದಾಮಿಯ ಕಲ್ಲು ವಿಪರೀತ ಕುಡಿಯುತ್ತದೆ, ಬರೆದದ್ದೆಲ್ಲ ಹಬ್ಬಿಬಿಡುತ್ತದೆ. ಬಾಗಲಕೋಟೆಯ ಸುಣ್ಣದ ಕಲ್ಲಿನಲ್ಲಿ ಹುಡುಕಿದರೆ ಒಂದೆರಡು, ಬೇಕಾದಷ್ಟೇ ಕುಡಿಯುವಂಥವು ಸಿಗುತ್ತವೆ. ಕಲ್ಲಿನ ಅಂಗಡಿಗಳಲ್ಲಿ ಅವರು ಹಾಸುಗಲ್ಲಿನ ಮೇಲೆ ಬೆರಳಿನಿಂದ ಒಂದು ಹನಿ ನೀರು ಬಿಟ್ಟು, ಕುಕ್ಕರಗಾಲಲ್ಲಿ ಕುಳಿತು ಕಾಯುತ್ತಿದ್ದರಂತೆ. ಅಂಗಡಿಯವರಿಗೂ ಇವರ ಮೇಲೆ ಅನುಮಾನ ಬಂದಿತ್ತಂತೆ.

ಆಮೇಲೆ ಅವರು ಮನುಷ್ಯರನ್ನೂ ಹಾಗೇ ವಿಂಗಡಿಸತೊಡಗಿದರು. ಹೆಡ್ ಮಾಸ್ತರು ಬಾದಾಮಿ ಕಲ್ಲು, ಯಾರು ಏನು ಹೇಳಿದರೂ ಹೀರಿಕೊಳ್ಳುತ್ತಾರೆ. "ನೀವು ಇಳಕಲ್ ಕಲ್ಲು ನೋಡ್ರಿ ಸರ್ರ. ಏನ್ ಸುರುವಿದ್ರೂ ಒಳಗ ಹೋಗಂಗಿಲ್ಲ." ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಕನ್ನಡಿಯೂ ಅಲ್ಲೇ ಇತ್ತು, ಮೇಜಿನ ಮೇಲೆ, ಅವರ ಮುಖಕ್ಕಲ್ಲ, ಬೇಲಿಯ ಕಡೆ ತಿರುಗಿಸಿಟ್ಟದ್ದು. ಕಲ್ಲಿನ ಮೇಲೆ ಬಲಕ್ಕೆ ಬರೆದದ್ದು ಹಾಳೆಯಲ್ಲಿ ಎಡಕ್ಕೆ ಬರುತ್ತದೆ. ಆದ್ದರಿಂದ ಬರೆಯುವವರು ವಸ್ತುವನ್ನು ನೇರ ನೋಡದೆ, ಕನ್ನಡಿಯಲ್ಲಿ ತಿರುವಿದ್ದನ್ನು ನೋಡಿ ಬರೆಯಬೇಕು. ಆಗ ಅಚ್ಚಿನಲ್ಲಿ ಸರಿಯಾಗಿ ಬರುತ್ತದೆ. ಇದನ್ನು ಅವರು ಹೇಳಿದರು. ಹೇಳಿದ್ದನ್ನು ಮಾಡುತ್ತಾರೆ ಎಂಬುದಕ್ಕೆ ಏನು ಖಾತ್ರಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅಲ್ಲಿದ್ದ ಎಲ್ಲ ಚಿತ್ರಗಳಲ್ಲೂ ಆ ಅವರೆ ಬಳ್ಳಿ ಯಾಕೆ, ಅಂದಕ್ಕೋ ಎಂದು ಕೇಳಿದೆ.

"ಇರಲಿ ಬಿಡ್ರಿ, ಕಾವಲಿಗಿ," ಎಂದರು. ಬಳ್ಳಿ ಏನು ಕಾಯುತ್ತದೆ ಎಂದು ನಾನು ಕೇಳಲಿಲ್ಲ.

ಅವರ ತಂದೆ ವಿಜಯಪುರದ ಕಡೆ ಒಂದು ಉರ್ದು ಛಾಪಖಾನೆಯಲ್ಲಿ ಕಲ್ಲಿನ ಮೇಲೆ ಮೂಡಿದ ತಿರುವು ಅಕ್ಷರಗಳನ್ನು ತಿದ್ದುವ ಕೆಲಸದಲ್ಲಿದ್ದರು. ಈ ಮಗು ಅವರ ಪಕ್ಕದಲ್ಲಿ ಕುಳಿತು ಓದಲು ಕಲಿತದ್ದು ಕಲ್ಲಿನ ಮೇಲೆ. "ಸಾಲ್ಯಾಗ ಉರ್ದು ಪುಸ್ತಕ ಕೊಟ್ಟ್ರು. ಎಲ್ಲಾ ಉಲ್ಟಾ ಛಾಪ್ಯಾರ ಅಂತ ಹೋ ಅಂತ ಅತ್ತೆ ನೋಡ್ರಿ," ಎಂದು ನಗುತ್ತಿದ್ದರು. ಈ ಕಥೆಯನ್ನೂ ನಾನು ಅರ್ಧವೇ ನಂಬಿದ್ದೆ, ಒಂದು ಪರೀಕ್ಷೆಯ ದಿನದವರೆಗೆ.

ಆ ದಿನ ಒಬ್ಬ ಹುಡುಗನ ಅಂಗೈಯಲ್ಲಿ ಶಾಯಿ ಕಂಡು ನಾನು ಹಾರಿ ಹೋಗಿ ಹಿಡಿಯುವಷ್ಟರಲ್ಲಿ ಅವನು ಕೈ ಒರೆಸಿಬಿಟ್ಟಿದ್ದ. ಆದರೆ ಬೆವರಿದ ಅಂಗೈ ಊರಿದಲ್ಲಿ ಡೆಸ್ಕಿನ ಮೇಲೆ ಅಚ್ಚು ಬಿದ್ದಿತ್ತು. ತಿರುವು ಅಕ್ಷರ. ನಾನು ಕತ್ತು ಓರೆ ಮಾಡಿದೆ, ಕನ್ನಡಕ ತೆಗೆದೆ, ಹಾಕಿದೆ, ಒಂದಕ್ಷರ ತಿಳಿಯಲಿಲ್ಲ. ಅಕ್ಕೋರು ಅದೇ ಕೋಣೆಯ ಮೇಲ್ವಿಚಾರಣೆಯಲ್ಲಿದ್ದರು. ಬಂದು, ಪೇಪರ್ ಓದಿದಂತೆ ಸರಸರ ಓದಿದರು. "ಎಲಿ ಆಹಾರ ತಯಾರಿಸೂದು ಹೆಂಗ ಅನ್ನೂದರ ಉತ್ತರ ಸರ್ರ. ಅದೂ ತಪ್ಪು ಬರದಾನ." ನಾನು ವರದಿ ಬರೆಯಲು ಪೆನ್ನು ತೆಗೆಯುವಾಗ, ಅವರು ಸೆರಗಿನ ತುದಿಯಿಂದ ಡೆಸ್ಕು ಒರೆಸಿಬಿಟ್ಟರು. "ಈಗ ಏನೂ ಇಲ್ಲ ನೋಡ್ರಿ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಹಳ ದಿನ ಅವರೊಂದಿಗೆ ಮಾತು ಬಿಟ್ಟೆ. ಪುರಾವೆಯನ್ನು ಅಳಿಸುವವರನ್ನು ನಂಬುವುದು ಹೇಗೆ?

ಒಂದು ಮಳೆಗಾಲದಲ್ಲಿ ಅವರು ಒಂದು ಹುಳದ ಚಿತ್ರ ತಂದರು. ಬಸವನಹುಳು. ಬಾದಾಮಿಯ ಬಂಡೆಯ ಸಂದಿಯಲ್ಲಿ ಸಿಕ್ಕಿತಂತೆ. ಮನೆಗೆ ತಂದು ಬೇಲಿಯ ಬಳ್ಳಿಯ ಮೇಲೆ ಬಿಟ್ಟು, ಕನ್ನಡಿ ಇಟ್ಟು ಕಲ್ಲಿಗೆ ಇಳಿಸಿದ್ದರು. ಹುಳ ಅವರೆ ಬಳ್ಳಿಯನ್ನು ಅಪ್ಪಿಕೊಂಡು ಹತ್ತುತ್ತಿತ್ತು. ಅದರ ಅಂಟಿನ ಹಾದಿಯೂ ಬಳ್ಳಿಯ ಸುತ್ತಿನ ಜೊತೆಗೇ ಸುತ್ತಿ ಬಂದಿತ್ತು. ಬಸವನಹುಳುವಿನ ಚಿಪ್ಪನ್ನು ತುದಿ ಮೇಲಕ್ಕೆ, ಬಾಯಿ ನಮ್ಮ ಕಡೆಗೆ ಮಾಡಿ ಹಿಡಿದರೆ, ಬಾಯಿ ಬಲಕ್ಕಿರುತ್ತದೆ. ನಮ್ಮ ಕಡೆ ಸಿಗುವವೆಲ್ಲ ಹೀಗೇ. ಇದರದ್ದು ಎಡಕ್ಕಿತ್ತು. ಅಕ್ಕೋರ ಮುಖದಲ್ಲಿ ನಾನು ಹಿಂದೆಂದೂ ಕಾಣದ ಬೆಳಕು.

"ಎಡಮುರಿ ಸರ್ರ! ಅಪರೂಪಕ್ಕ ಒಂದು ಹಿಂಗ ಹುಟ್ಟತೈತಿ."

"ಹುಳ ಎಲ್ಲೈತಿ?" ಎಂದೆ.

"ಎಲ್ಲಿ ಸಿಕ್ಕಿತ್ತೋ ಅಲ್ಲೇ ಬಿಟ್ಟು ಬಂದೆ. ಜೀವ ಅಲ್ರಿ ಅದು?"

ಪುರಾವೆ ಮತ್ತೆ ಇಲ್ಲ! ನಾನು ತಲೆ ಅಲ್ಲಾಡಿಸಿ ನನ್ನ ತರಗತಿಗೆ ಹೋದೆ.

ಆ ವರ್ಷ ವಿಜ್ಞಾನ ಪ್ರದರ್ಶನಕ್ಕೆ ಹೊರಗಿನಿಂದ ಒಬ್ಬ ಪ್ರಾಧ್ಯಾಪಕರು ಬಂದಿದ್ದರು. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಗೋಡೆಗೆ ತೂಗುಹಾಕಿದ್ದ ಹುಳದ ಚಿತ್ರವನ್ನು ನೋಡಿದರು. ಇದು ಕಲ್ಲಚ್ಚೇ ಎಂದು ಕೇಳಿ ತಿಳಿದುಕೊಂಡರು. ಆಮೇಲೆ ಗಟ್ಟಿಯಾಗಿ ನಕ್ಕರು. "ಮೇಡಂ, ಕಲ್ಲಚ್ಚಿನಲ್ಲಿ ಚಿತ್ರ ತಿರುವುತ್ತೆ. ನೀವು ತಿರುವಿ ಬರೆಯೋದು ಮರೆತಿದ್ದೀರಿ. ಇದು ಸಾಮಾನ್ಯ ಹುಳುವೇ. ಹಳಬರೂ ಎಷ್ಟೋ ಜನ ಈ ತಪ್ಪು ಮಾಡಿದ್ದಾರೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಲೆಕ್ಕ ಸರಿಹೊಂದಿದ ಸಮಾಧಾನ ನನಗೆ.

ಅಕ್ಕೋರು ವಾದ ಮಾಡಲಿಲ್ಲ. ಎದ್ದು ನಿಂತು, ಚಿತ್ರಕ್ಕೆ ಕೈ ಮಾಡಿ, "ಬಳ್ಳಿ ಐತಿ ನೋಡ್ರಿ," ಎಂದರು.

"ಹೌದು ಹೌದು, ಬಳ್ಳಿ ಬಹಳ ಚೆನ್ನಾಗಿ ಬಂದಿದೆ," ಎಂದರು ಪ್ರಾಧ್ಯಾಪಕರು, ಬಿಸ್ಕೀಟು ತೆಗೆದುಕೊಳ್ಳುತ್ತ.

ಮಕ್ಕಳ ಕಿವಿಗೆ ಇಂಥದ್ದು ಮುಟ್ಟಲು ಎಷ್ಟು ಹೊತ್ತು ಬೇಕು? ಮರುದಿನದಿಂದಲೇ ಅವರು 'ಉಲ್ಟಾ ಅಕ್ಕೋರು' ಆದರು. ವರ್ಷ ವರ್ಷ ಹೊಸ ಮಕ್ಕಳು ಬಂದರು, ಯಾಕೆ ಎಂದು ತಿಳಿಯದೆಯೇ ಆ ಹೆಸರನ್ನು ಎತ್ತಿಕೊಂಡರು. ಅಕ್ಕೋರು ಬೇರೆ ಚಿತ್ರ ಬರೆಯುವುದನ್ನು ಬಿಟ್ಟರು. ಮಳೆ ಬಿದ್ದ ಕೂಡಲೇ ರವಿವಾರಗಳಂದು ಬಂಡೆಗಳ ಕಡೆ ಹೋಗುವರು, ಕೊಡೆ ಹಿಡಿದು ಸಂದಿ ಸಂದಿ ಬಗ್ಗಿ ನೋಡುವರು. ಯಾಕ್ರಿ ಎಂದರೆ, "ಇನ್ನೊಂದು ಸಿಗಬೇಕು ಸರ್ರ. ಅಲ್ಲೀತನಾ ಕಲ್ಲು ಮುಟ್ಟಂಗಿಲ್ಲ." ನಿವೃತ್ತಿಯ ನಂತರವೂ ಹೋದರು, ಮೊಣಕಾಲು ಕೈಕೊಡುವವರೆಗೆ. ಇನ್ನೊಂದು ಸಿಗಲಿಲ್ಲ. ಒಳ್ಳೆಯ ಕೈ ಒಂದು ನಮ್ಮ ನಗುವಿನಿಂದ ನಿಂತು ಹೋಯಿತು.

ನಾನು ಬಾಗಲಕೋಟೆಯ ವಿದ್ಯಾಗಿರಿಗೆ ಮನೆ ಮಾಡಿ ಬಂದ ಮೇಲೆ ಒಮ್ಮೆ ಅವರನ್ನು ಕಾಣಲು ಹೋಗಿದ್ದೆ. ಕಲ್ಲುಗಳ ಮೇಲಿನ ಗೋಣಿಚೀಲ ಒಣಗಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು, "ನೀವರ ಒಮ್ಮೆ ನೋಡಿದ್ರೇನ್ರಿ ಸರ್ರ?"

ಬಂಡೆಗಳಲ್ಲಿ ಹುಳ ಹುಡುಕಿದಿರಾ ಎಂದು ಕೇಳುತ್ತಿದ್ದಾರೆ ಎಂದುಕೊಂಡೆ. "ನನ್ನ ಕೈಲೆ ಗುಡ್ಡ ಹತ್ತೂದು ಎಲ್ಲಿ ಆಗತೈತ್ರಿ ಅಕ್ಕೋರ," ಎಂದೆ. ಅವರು ನಕ್ಕು ಬೇಲಿಯ ಕಡೆ ತಿರುಗಿದರು. ನಮ್ಮಿಬ್ಬರ ನಡುವೆ ಅದೇ ಕೊನೆಯ ಮಾತು.

ಸುದ್ದಿ ಬಂದ ಮೇಲೆ ಸಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ನಾನು ಮಾತಾಡಬೇಕೆಂದರು. ಹೊಸದಾಗಿ ಬಂದ ಕಂಪ್ಯೂಟರ್ ಶಿಕ್ಷಕ, ಹುರುಪಿನ ಹುಡುಗ, ಫ್ಲೆಕ್ಸಿನ ನಮೂನೆಯನ್ನು ಮೊಬೈಲಿಗೆ ಕಳಿಸಿ ಫೋನ್ ಮಾಡಿದ. ಒಂದು ಕಡೆ ಅಕ್ಕೋರ ಭಾವಚಿತ್ರ, ಇನ್ನೊಂದು ಕಡೆ ಅವರ ಹುಳ.

"ಸರ್ರ, ಅಕ್ಕೋರ ಹುಳಾ ಉಲ್ಟಾ ಇತ್ತಂತಲ್ರಿ? ಕಂಪ್ಯೂಟರಿನ್ಯಾಗ ತಿರುವಿ ಸರಿ ಮಾಡೇನಿ. ಇನ್ನರ ಯಾರೂ ನಗಬಾರ್ದು."

ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ. ಆದರೆ ಸರಿ ಮಾಡಿದ್ದೇನೆ ಎನ್ನುವವರ ಬಗ್ಗೆ ನನಗೆ ಯಾವಾಗಲೂ ಅನುಮಾನ. ಮೊಬೈಲ್ ಹಿಡಿದು ಚಿತ್ರವನ್ನು ನೋಡುತ್ತ ಕುಳಿತೆ. ಹುಳದ ಬಾಯಿ ಈಗ ಬಲಕ್ಕಿದೆ, ಲೋಕದ ಹುಳದಂತೆಯೇ ಇದೆ. ಆದರೂ ಏನೋ ಕಣ್ಣಿಗೆ ಚುಚ್ಚುತ್ತಿತ್ತು.

ನನ್ನ ಹೆಂಡತಿ ಹಿತ್ತಲಿನಿಂದ ಅವರೆಕಾಯಿ ಹರಿದುಕೊಂಡು ಬಂದವಳು ಹೆಗಲ ಮೇಲಿಂದ ಇಣುಕಿದಳು. "ಇದು ಯಾವ ಊರ ಬಳ್ಳಿರಿ? ಹಿಂಗ ಯಾವ ಅವರಿ ಹಬ್ಬತೈತಿ?"

"ಹಿಂಗಂದ್ರ?"

"ಬರ್ರಿ ಇಲ್ಲೆ," ಎಂದು ಹಿತ್ತಲಿಗೆ ಕರೆದುಕೊಂಡು ಹೋದಳು. ನಮ್ಮ ಬಳ್ಳಿ ಕೋಲಿಗೆ ಸುತ್ತಿಕೊಂಡು, ನಮ್ಮ ಎದುರಿನ ಬದಿಯಲ್ಲಿ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಹತ್ತುತ್ತಿತ್ತು. ಪಕ್ಕದ ಕೋಲಿನದೂ ಹಾಗೆಯೇ. ಓಣಿಯ ಆಚೆ ಬೇರೆಯವರ ಬೇಲಿಗೂ ಹೋಗಿ ನೋಡಿದೆ, ಅಲ್ಲಿಯೂ ಹಾಗೆಯೇ. ನಂಬಿಕೆಯಾಗದೆ ಒಂದು ಎಳೆಯ ಕುಡಿಯನ್ನು ಬಿಚ್ಚಿ, ಉಲ್ಟಾ ಸುತ್ತಿ, ದಾರ ಕಟ್ಟಹೋದೆ.

"ಕಟ್ಟಿದ್ರ ಅದು ನಿಲ್ಲೂದಿಲ್ರಿ," ಎಂದಳು. "ಬಿಚಗೊಂಡು ತನ್ನ ದಾರಿ ಹಿಡಿತೈತಿ."

ಆದರೂ ಕಟ್ಟಿದೆ. ಮರುದಿನ ಮುಂಜಾನೆ ಹೋಗಿ ನೋಡಿದರೆ, ದಾರಕ್ಕಿಂತ ಮೇಲಿದ್ದ ಕುಡಿಯ ತುದಿ ಬಿಚ್ಚಿಕೊಂಡು ತನ್ನ ಹಳೆಯ ದಿಕ್ಕಿಗೇ ತಿರುಗಿತ್ತು.

ತಿರುವುವ ಮುಂಚಿನ ಚಿತ್ರ ಕಳಿಸು ಎಂದು ಆ ಹುಡುಗನಿಗೆ ಹೇಳಿದೆ. ಬಂತು. ಅದರಲ್ಲಿ ಬಳ್ಳಿ ನಮ್ಮ ಹಿತ್ತಲಿನ ಬಳ್ಳಿಯಂತೆಯೇ ಎಡದಿಂದ ಬಲಕ್ಕೆ ಹತ್ತುತ್ತಿತ್ತು. ಅಂದರೆ ಚಿತ್ರ ಉಲ್ಟಾ ಆಗಿರಲೇ ಇಲ್ಲ. ಹುಳ ಬಳ್ಳಿಯನ್ನು ಅಪ್ಪಿಕೊಂಡಿದೆ, ಅಂಟಿನ ಹಾದಿ ಬಳ್ಳಿಯ ಜೊತೆ ಸುತ್ತಿದೆ. ಒಂದನ್ನು ತಿರುವಿದರೆ ಇನ್ನೊಂದೂ ತಿರುಗಲೇಬೇಕು. ಅಕ್ಕೋರು ತಿರುವಿ ಬರೆಯಲು ಮರೆತಿರಲಿಲ್ಲ. ಆ ಹುಳ ನಿಜವಾಗಿಯೂ ಎಡಮುರಿಯೇ ಆಗಿತ್ತು. ಬಳ್ಳಿಯನ್ನು ಅವರು ಕಾವಲಿಗೆ ಇಟ್ಟದ್ದು ಇದಕ್ಕೇ. ಯಾರಾದರೂ ಅನುಮಾನಪಟ್ಟರೆ ಬೇಲಿಗೆ ಹೋಗಿ ತಾಳೆ ನೋಡಲಿ ಎಂದು. ನನ್ನಂಥವರಿಗಾಗಿಯೇ ಇಟ್ಟಿದ್ದರು.

ಅವರು ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದರು. ಆದರೆ ನಮ್ಮ ಮಾತಿನಲ್ಲಿ 'ನೋಡ್ರಿ' ಎನ್ನುವುದು ಎಲ್ಲದರ ಬಾಲಕ್ಕೂ ಬರುತ್ತದೆ. ಚಹಾ ಆತು ನೋಡ್ರಿ. ಬಿಸಲು ಭಾಳ ನೋಡ್ರಿ. ಯಾರೂ ನೋಡಲಿ ಎಂದು ಹೇಳುವುದಿಲ್ಲ, ಯಾರೂ ನೋಡುವುದಿಲ್ಲ. "ಬಳ್ಳಿ ಐತಿ ನೋಡ್ರಿ" ಎಂದು ಅಕ್ಕೋರು ಕೈ ಮಾಡಿ ತೋರಿಸಿದಾಗ, ಕೋಣೆಯಲ್ಲಿದ್ದ ನಾವೆಲ್ಲ ಅದನ್ನು ಮಾತಿನ ಬಾಲ ಎಂದೇ ಬಿಟ್ಟುಬಿಟ್ಟೆವು. ಬಾಗಿಲಲ್ಲಿ ನಿಂತು ಅವರು ಕೇಳಿದ್ದೂ ಗುಡ್ಡದ ಹುಳದ ಬಗ್ಗೆ ಅಲ್ಲ.

ಸಭೆಗೆ ಹೋಗುವಾಗ ಹಿತ್ತಲಿನ ಬಳ್ಳಿಯನ್ನು ಕೋಲಿನ ಸಮೇತ ಕಿತ್ತುಕೊಂಡು ಹೋದೆ. ಬಸ್ಸಿನಲ್ಲಿ ಎಲ್ಲರೂ ನನ್ನನ್ನು ಒಂದು ನಮೂನೆ ನೋಡಿದರು. ಸಾಲೆಯಲ್ಲಿ ಫ್ಲೆಕ್ಸು ಆಗಲೇ ಕಟ್ಟಿದ್ದರು, ತಿರುವಿದ ಹುಳದ ಸಮೇತ. ಅದರ ಕೆಳಗೆ ಕುರ್ಚಿಯ ಮೇಲೆ, ಸ್ಟಾಫ್ ರೂಮಿನಿಂದ ತಂದ ಅಸಲು ಚಿತ್ರ. ಮಾತಾಡಿದವರೆಲ್ಲ ಅಕ್ಕೋರ ಸರಳತೆ, ನಿಷ್ಠೆ ಎಂದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಳೆಯ ಹೆಡ್ ಮಾಸ್ತರು ಎಲ್ಲದಕ್ಕೂ ತಲೆದೂಗಿದರು.

ನನ್ನ ಸರದಿ ಬಂತು. ಬರೆದುಕೊಂಡು ಹೋದದ್ದನ್ನು ಜೇಬಿನಲ್ಲೇ ಬಿಟ್ಟೆ. ಕೋಲಿನ ಬಳ್ಳಿಯನ್ನು ಕುರ್ಚಿಯ ಮೇಲಿನ ಚಿತ್ರದ ಪಕ್ಕ ಹಿಡಿದೆ.

"ಬಳ್ಳಿ ಐತಿ ನೋಡ್ರಿ," ಎಂದೆ.

"ಹೌದ್ರಿ, ಹೌದ್ರಿ," ಎಂದು ಎಲ್ಲರೂ ತಲೆ ಅಲ್ಲಾಡಿಸಿದರು. ಯಾರ ಕಣ್ಣೂ ಬಳ್ಳಿಯ ಕಡೆ ಹೊರಳಲಿಲ್ಲ. ಅಕ್ಕೋರು ಅಂದು ಆ ಕೋಣೆಯಲ್ಲಿ ಒಬ್ಬರೇ ನಿಂತು ಕಂಡದ್ದು ಇದನ್ನೇ. ಕಾಪಿ ಹಿಡಿಯುವಾಗಿನ ನನ್ನ ಹಳೆಯ ದನಿ ಎಲ್ಲಿಂದಲೋ ಎದ್ದು ಬಂತು.

"ನೋಡ್ರಿ ಅಂದ್ನಿ. ಎದ್ದು ಬಂದು ನೋಡ್ರಿ!"

ಸಭೆ ಬೆಚ್ಚಿತು. ಆ ಕಂಪ್ಯೂಟರ್ ಶಿಕ್ಷಕ ಮೊದಲು ಎದ್ದ. ಹತ್ತಿರ ಬಂದು, ಬಗ್ಗಿ, ನನ್ನ ಕೈಯಲ್ಲಿದ್ದ ಬಳ್ಳಿಯ ಸುತ್ತಿನ ಮೇಲೆ ಬೆರಳಾಡಿಸಿದ. ಅದೇ ಬೆರಳನ್ನು ಚಿತ್ರದ ಬಳ್ಳಿಯ ಮೇಲೆ ತಂದ. ಆಮೇಲೆ ತಲೆ ಎತ್ತಿ ಫ್ಲೆಕ್ಸನ್ನು ನೋಡಿದ. ಬಹಳ ಹೊತ್ತು ನೋಡಿದ.

ಬೇರೊಂದು ಕುರ್ಚಿ ಎಳೆದುಕೊಂಡು, ಮೇಲೆ ಹತ್ತಿ, ಹುಳದ ಕಡೆಯ ಹಗ್ಗ ಬಿಚ್ಚತೊಡಗಿದ.